ಔಷಧದಾನದ ಅಧಿಕಾರ: ಮಾನ್ಯಖೇಟದಿಂದ ಪರದೇಶದವರೆಗೆ

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳನ್ನು ನಮ್ಮ ಆಚಾರ್ಯರು ಶ್ರಾವಕರಿಗೆ ವಿಧಿಸಿದ್ದಾರೆ. ಇವುಗಳಲ್ಲಿ ಔಷಧದಾನಕ್ಕೆ ಒಂದು ವಿಶೇಷವಿದೆ. ಅನ್ನವನ್ನು ನೀಡುವವನಿಗೆ ಸದ್ಭಾವವಿದ್ದರೆ ಬಹುಮಟ್ಟಿಗೆ ಸಾಕು. ಮದ್ದನ್ನು ನೀಡುವವನಿಗೆ ಸದ್ಭಾವದೊಡನೆ ಜ್ಞಾನವೂ ಬೇಕು. ಅರಿಯದೆ ಕೊಟ್ಟ ಮದ್ದಿನಿಂದ ಜೀವಹಾನಿಯೇ ಆಗಬಹುದು. ಆದುದರಿಂದ ಮದ್ದು ಕೊಡುವ ಅಧಿಕಾರ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಹಳೆಯದು. ಬೇರೆ ನಾಡಿನಲ್ಲಿ ಕಲಿತು ಬಂದವನ ವಿದ್ಯೆಯನ್ನು ಒಪ್ಪುವುದು ಹೇಗೆಂಬುದು ಆ ಪ್ರಶ್ನೆಯ ಕಠಿನವಾದ ಭಾಗ. ನಮ್ಮ ಮನೆಗಳ ಮಕ್ಕಳು ಔಷಧಶಾಸ್ತ್ರವನ್ನು ಓದಿ ಪರದೇಶಗಳಿಗೆ ತೆರಳುತ್ತಿರುವ ಈ ಕಾಲದಲ್ಲಿ ಇದರ ಇತಿಹಾಸವನ್ನು ಅವಲೋಕಿಸುವುದು ಉಚಿತವೆನಿಸುತ್ತದೆ.

ಮಾನ್ಯಖೇಟದ ವಿದ್ವತ್ಸಭೆ

ಸೇಡಂ ತಾಲೂಕಿನ ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕ್ರಿ.ಶ. ೯ನೆಯ ಶತಮಾನದಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಗಣಿತ, ವ್ಯಾಕರಣ, ಪುರಾಣಗಳು ಬೆಳೆದುದನ್ನು ಎಲ್ಲರೂ ಬಲ್ಲರು. ಅದೇ ಕಾಲದ ವೈದ್ಯಾಚಾರ್ಯ ಉಗ್ರಾದಿತ್ಯನ ಹೆಸರು ನಮ್ಮವರಲ್ಲಿಯೂ ಅಷ್ಟಾಗಿ ಪ್ರಚಲಿತವಿಲ್ಲ. ಶ್ರೀನಂದಿ ಆಚಾರ್ಯರ ಶಿಷ್ಯನಾದ ಈತ ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಾಮಗಿರಿಯಲ್ಲಿ ರಚಿಸಿದನು. ಮದ್ಯ, ಮಾಂಸ, ಮಧುಗಳನ್ನು ತ್ಯಜಿಸಿಯೂ ಪೂರ್ಣವಾದ ಚಿಕಿತ್ಸೆ ಸಾಧ್ಯವೆಂಬುದು ಅದರ ನಿಲುವು. ಈ ಗ್ರಂಥವು ೧೯೪೦ರಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದದೊಡನೆ ಮುದ್ರಣಗೊಂಡಿತು.

ಗ್ರಂಥಾಂತ್ಯದ ‘ಹಿತಾಹಿತಾಧ್ಯಾಯ’ವು ನಮ್ಮ ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದುದು. ನೃಪತುಂಗವಲ್ಲಭನ ಸಭೆಯಲ್ಲಿ, ವೈದ್ಯರೂ ವಿದ್ವಾಂಸರೂ ನೆರೆದಿರುವಾಗ, ಔಷಧವಾಗಿ ಮಾಂಸವು ನಿಷ್ಫಲವೆಂಬುದನ್ನು ಉಗ್ರಾದಿತ್ಯನು ಪ್ರತಿಪಾದಿಸಿದನೆಂದು ಅಲ್ಲಿ ಹೇಳಿದೆ. ಈ ನೃಪತುಂಗನು ಒಂದನೆಯ ಅಮೋಘವರ್ಷನೇ ಎಂದು ವಿದ್ವಾಂಸರು ಸಾಮಾನ್ಯವಾಗಿ ಗುರುತಿಸಿದ್ದಾರೆ. ವೈದ್ಯನು ತನ್ನ ಮತವನ್ನು ಬಲ್ಲವರ ಮುಂದಿಟ್ಟು, ವಾದದಲ್ಲಿ ನಿಲ್ಲಿಸಿ, ಅನಂತರ ಲೋಕಕ್ಕೆ ನೀಡಿದನು. ರಾಜನ ಕೃಪೆಯೊಂದನ್ನೇ ಆತ ನೆಚ್ಚಲಿಲ್ಲ. ಇಂದಿನ ಪರೀಕ್ಷಾಪದ್ಧತಿಯ ಹಿಂದಿರುವ ತತ್ತ್ವವೂ ಇದೇ ಆಗಿದೆ.

ನೋಂದಣಿಯ ಯುಗ

ಬ್ರಿಟಿಷರ ಕಾಲದಲ್ಲಿ ಔಷಧದ ಮಾರಾಟ ಬಹುಕಾಲ ನಿರಂಕುಶವಾಗಿತ್ತು. ವೈದ್ಯರ ಕೈಕೆಳಗೆ ಮದ್ದು ಬೆರೆಸುತ್ತಿದ್ದ ಕಂಪೌಂಡರರ ಯೋಗ್ಯತೆಯನ್ನು ಅಳೆಯಲು ದೇಶಕ್ಕೆಲ್ಲ ಒಂದೇ ಮಾನದಂಡವಿರಲಿಲ್ಲ. ೧೯೩೦-೩೧ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯ ಔಷಧ ವಿಚಾರಣಾ ಸಮಿತಿಯು ಈ ದುಃಸ್ಥಿತಿಯನ್ನು ಬಯಲಿಗೆ ತಂದಿತು. ಮುಂದೆ ೧೯೪೦ರಲ್ಲಿ ಔಷಧ ಕಾಯಿದೆಯೂ ೧೯೪೮ರ ಮಾರ್ಚಿ ೪ರಂದು ಫಾರ್ಮಸಿ ಕಾಯಿದೆಯೂ ಬಂದವು. ಎರಡನೆಯ ಕಾಯಿದೆಯ ಮೇರೆಗೆ ರಾಜ್ಯ ರಾಜ್ಯಗಳಲ್ಲಿ ಫಾರ್ಮಸಿಸ್ಟರ ನೋಂದಣಿಪುಸ್ತಕ ತೆರೆಯಿತು.

ಪರದೇಶದ ವಿದ್ಯೆಗೂ ಈ ಕಾಯಿದೆಯಲ್ಲಿ ಎಡೆಯಿದೆ. ೧೪ನೆಯ ಕಲಮಿನಂತೆ, ಹೊರನಾಡಿನ ಪದವಿಯೊಂದು ಸಾಕಷ್ಟು ಜ್ಞಾನಕ್ಕೂ ಕೌಶಲ್ಯಕ್ಕೂ ಸಾಕ್ಷಿಯಾಗಿದೆಯೆಂದು ಮನಗಂಡರೆ ಕೇಂದ್ರ ಪರಿಷತ್ತು ಅದನ್ನು ಮಾನ್ಯಮಾಡಬಹುದು. ಆದರೆ ಭಾರತದ ಪ್ರಜೆಯಲ್ಲದವನಿಗೆ ಇನ್ನೊಂದು ನಿಬಂಧನೆಯುಂಟು: ಆತನ ಪದವಿಯನ್ನು ನೀಡಿದ ದೇಶವು ಅದೇ ಪದವಿಯುಳ್ಳ ಭಾರತೀಯ ಮೂಲದವರಿಗೂ ವೃತ್ತಿಗೆ ಅವಕಾಶ ಕೊಡುತ್ತಿರಬೇಕು. ಕೊಡುಕೊಳ್ಳುವಿಕೆ ಸಮವಾಗಿರಬೇಕೆಂಬ ಈ ನ್ಯಾಯ ವರ್ತಕರಾದ ನಮಗೆ ಅಪರಿಚಿತವಲ್ಲ.

ಊರು ಕದಲದೆ ರಾಜ್ಯ ಬದಲಾದಾಗ

ಸೇಡಂ, ಚಿತ್ತಾಪುರ, ಚಿಂಚೋಳಿಗಳವರಿಗೆ ಇದೇ ಪ್ರಶ್ನೆ ಕಡಲನ್ನು ದಾಟದೆಯೇ ಎದುರಾಯಿತು. ೧೯೫೬ರ ನವೆಂಬರ್ ೧ರ ವರೆಗೆ ಗುಲಬರ್ಗಾ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಅಂದು ಜಿಲ್ಲೆಯ ಬಹುಭಾಗವು ಮೈಸೂರು ರಾಜ್ಯಕ್ಕೆ ಸೇರಿತು. ಕೊಡಂಗಲ್, ತಾಂಡೂರು ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ವಾಡಿಯಿಂದ ಚಿತ್ತಾಪುರ, ಸೇಡಂಗಳ ಮಾರ್ಗವಾಗಿ ಸಿಕಂದರಾಬಾದಿಗೆ ೧೮೭೪ರಲ್ಲಿ ಆರಂಭವಾದ ರೈಲುದಾರಿ ಇದ್ದಲ್ಲಿಯೇ ಇತ್ತು. ಅದರ ನಡುವೆ ಹೊಸ ಗಡಿಯೊಂದು ಹಾದುಹೋಯಿತು. ಶಹಾಬಾದಿನ ಅಂಗಡಿಯಲ್ಲಿ ಕುಳಿತವನಿಗೆ ರಾಜಧಾನಿ ಹೈದರಾಬಾದಿನ ಬದಲು ಬೆಂಗಳೂರಾಯಿತು.

ಹಿಂದಿನ ರಾಜ್ಯದಲ್ಲಿ ಯೋಗ್ಯನೆನಿಸಿದವನು ಹೊಸ ರಾಜ್ಯದ ನಿಯಮಕ್ಕೆ ಹೊಂದದಿದ್ದರೆ ಅವನ ಜೀವನೋಪಾಯದ ಗತಿಯೇನು? ಸಂಸತ್ತು ೧೯೫೯ರ ತಿದ್ದುಪಡಿಯಲ್ಲಿ ೩೨-ಎ ಕಲಮನ್ನು ಸೇರಿಸಿ ಇದಕ್ಕೆ ಉತ್ತರವಿತ್ತಿತು. ರಾಜ್ಯ ಪುನರ್ವಿಂಗಡಣೆಯಿಂದ ಹೀಗೆ ಸಿಕ್ಕಿಕೊಂಡವರಿಗೆ ಹೊಸ ರಾಜ್ಯದಲ್ಲಿ ನೋಂದಣಿಯ ಅವಕಾಶ ದೊರೆಯಿತು. ದೇಶವಿಭಜನೆಯಿಂದ ನಿರಾಶ್ರಿತರಾದವರಿಗೂ ಪರದೇಶದಲ್ಲಿ ಈ ವೃತ್ತಿ ನಡೆಸುತ್ತಿದ್ದ ಭಾರತೀಯ ಪ್ರಜೆಗಳಿಗೂ ಅದೇ ಕಲಮು ನೆರವಾಯಿತು. ೧೯೭೬ರ ತಿದ್ದುಪಡಿಯು ಬರ್ಮಾ, ಶ್ರೀಲಂಕಾ, ಉಗಾಂಡಗಳಿಂದ ಮರಳಿದವರನ್ನು ನೆನೆಯಿತು. ೨೦೨೩ರ ತಿದ್ದುಪಡಿಯು ಜಮ್ಮು-ಕಾಶ್ಮೀರದ ಹಳೆಯ ಕಾಯಿದೆಯಂತೆ ನೋಂದಾಯಿತರಾದವರನ್ನು ಒಳಗೊಂಡಿತು. ಗಡಿ ಬದಲಾದ ಮಾತ್ರಕ್ಕೆ ಮನುಷ್ಯನ ವಿದ್ಯೆ ಅಳಿಯುವುದಿಲ್ಲವೆಂಬ ಅನುಕಂಪವನ್ನು ಈ ಎಲ್ಲ ತಿದ್ದುಪಡಿಗಳಲ್ಲಿ ಕಾಣಬಹುದು.

ಕಡಲಾಚೆಯ ಕಟ್ಟುಪಾಡು

ಕಲಬುರಗಿಯಂತಹ ಊರಿನಲ್ಲಿ ಬಿ.ಫಾರ್ಮ್ ಮುಗಿಸಿದ ತರುಣನು ಇಂಗ್ಲೆಂಡಿಗೆ ಹೋದರೆ ಅಲ್ಲಿ ೨೦೧೦ರಲ್ಲಿ ಕಾರ್ಯಾರಂಭಿಸಿದ ಜನರಲ್ ಫಾರ್ಮಸ್ಯೂಟಿಕಲ್ ಕೌನ್ಸಿಲ್ ಆತನ ವಿದ್ಯೆಯನ್ನು ಪರಿಶೀಲಿಸುತ್ತದೆ. ರೂಢಿಯಲ್ಲಿರುವ ಮಾರ್ಗದಂತೆ ಪರದೇಶದ ಫಾರ್ಮಸಿಸ್ಟರಿಗಾಗಿಯೇ ಇರುವ ಒಂದು ವರ್ಷದ ವಿಶ್ವವಿದ್ಯಾಲಯ ಶಿಕ್ಷಣ, ಬಳಿಕ ೫೨ ವಾರಗಳ ಪ್ರಾಯೋಗಿಕ ತರಬೇತಿ, ಕೊನೆಗೆ ನೋಂದಣಿ ಪರೀಕ್ಷೆ ಇವೆ. ಕೆನಡಾದಲ್ಲಿ ದಾಖಲೆಗಳ ಪರಿಶೀಲನೆಯಾದ ಮೇಲೆ ಮೌಲ್ಯಮಾಪನ ಪರೀಕ್ಷೆ, ಅನಂತರ ಎರಡು ಭಾಗಗಳ ಅರ್ಹತಾ ಪರೀಕ್ಷೆ. ಅಮೆರಿಕೆಯಲ್ಲಿ ತೊಡಕು ಇನ್ನೂ ಹೆಚ್ಚು. ೨೦೦೩ರ ಜನವರಿ ೧ರಿಂದೀಚೆಗೆ ಪದವಿ ಪಡೆದವರು ಕನಿಷ್ಠ ಐದು ವರ್ಷಗಳ ಪಠ್ಯಕ್ರಮವನ್ನು ಓದಿರಬೇಕೆಂಬುದು ಅಲ್ಲಿನ ನಿಯಮ. ನಮ್ಮ ಬಿ.ಫಾರ್ಮ್ ನಾಲ್ಕೇ ವರ್ಷಗಳದ್ದಾದುದರಿಂದ ಆ ಬಾಗಿಲು ಅನೇಕರಿಗೆ ಮುಚ್ಚಿದೆ. ೨೦೦೮ರಲ್ಲಿ ಭಾರತದಲ್ಲಿ ಆರಂಭವಾದ ಆರು ವರ್ಷಗಳ ಫಾರ್ಮ್.ಡಿ. ಶಿಕ್ಷಣವು ಈ ಕೊರತೆಯನ್ನು ತುಂಬಬಲ್ಲುದು. ಸಾಲ ಮಾಡಿ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಪ್ರವೇಶದ ಮೊದಲೇ ಇದನ್ನು ತಿಳಿದಿರುವುದು ಕ್ಷೇಮ.

ಶ್ರಾವಕರ ಹೊಣೆ

ಪರದೇಶದ ಕಟ್ಟುಪಾಡು ಕಠೋರವೆಂದು ನಾವು ದೂರುತ್ತೇವೆ. ಆದರೆ ನಮ್ಮ ಊರುಗಳ ಕಡೆಗೂ ಒಮ್ಮೆ ನೋಡಬೇಕು. ಪದವೀಧರನು ಕಡಲಾಚೆ ಪರೀಕ್ಷೆಗೆ ಕುಳಿತಿರುವಾಗ ಅವನ ಪ್ರಮಾಣಪತ್ರವು ಇಲ್ಲಿ ಯಾವುದೋ ಔಷಧದಂಗಡಿಯ ಗೋಡೆಯ ಮೇಲೆ ಬಾಡಿಗೆಗೆ ತೂಗುತ್ತಿರುವುದು ಅಪರೂಪವಲ್ಲ. ನೋಂದಾಯಿತ ಫಾರ್ಮಸಿಸ್ಟನ ಖುದ್ದು ಮೇಲ್ವಿಚಾರಣೆಯಿಲ್ಲದೆ ವೈದ್ಯರ ಚೀಟಿಯ ಮದ್ದನ್ನು ವಿತರಿಸಕೂಡದೆಂದು ೧೯೪೫ರ ಔಷಧ ನಿಯಮಗಳು ಹೇಳುತ್ತವೆ. ನೋಂದಣಿಪುಸ್ತಕದಿಂದ ಹೆಸರನ್ನು ತೆಗೆದುಹಾಕುವ ಅಧಿಕಾರವೂ ರಾಜ್ಯ ಪರಿಷತ್ತಿಗಿದೆ.

ಕಾಯಿದೆಯ ಭಯಕ್ಕಿಂತ ವ್ರತದ ಎಚ್ಚರ ದೊಡ್ಡದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಪ್ರತಿರೂಪಕ ವ್ಯವಹಾರವೂ ಸೇರಿವೆ. ಮೊದಲನೆಯದನ್ನು ರಾಜ್ಯನಿಯಮದ ಉಲ್ಲಂಘನೆಯೆಂದೂ ಎರಡನೆಯದನ್ನು ನಿಜವಾದುದರ ಬದಲು ಅದರಂತೆ ತೋರುವ ಕೃತಕ ವಸ್ತುವನ್ನು ಕೊಟ್ಟು ವಂಚಿಸುವುದೆಂದೂ ಬಲ್ಲವರು ವಿವರಿಸುತ್ತಾರೆ. ಬಲ್ಲವನ ಹೆಸರನ್ನು ಗೋಡೆಗೆ ತೂಗಿಸಿ ಅರಿಯದವನ ಕೈಯಿಂದ ಮದ್ದು ಕೊಡಿಸುವುದು ಈ ಎರಡಕ್ಕೂ ಸಲ್ಲುತ್ತದೆ. ರೋಗಿಯ ಪ್ರಾಣಕ್ಕೆ ಕುಂದು ಬಂದರೆ ಅಹಿಂಸಾಣುವ್ರತವೂ ಉಳಿಯುವುದಿಲ್ಲ.

ಆದುದರಿಂದ ಬಸದಿಗಳ ಟ್ರಸ್ಟುಗಳು ಧರ್ಮಾರ್ಥ ಔಷಧಾಲಯವನ್ನು ತೆರೆಯುವಾಗ ಕಟ್ಟಡಕ್ಕಿಂತ ಮೊದಲು ನೋಂದಾಯಿತ ಫಾರ್ಮಸಿಸ್ಟನ ವೇತನಕ್ಕೆ ನಿಧಿಯನ್ನು ತೆಗೆದಿರಿಸಬೇಕು. ಪರದೇಶಕ್ಕೆ ತೆರಳುವವರ ಮನೆಯವರು ಪ್ರಮಾಣಪತ್ರವನ್ನು ಅನ್ಯರಿಗೆ ಕೊಡದೆ ಮನೆಯಲ್ಲಿಯೇ ಭದ್ರವಾಗಿರಿಸಬೇಕು. ಅಲ್ಲಿಂದ ಮರಳಿ ಬಂದವರ ಅನುಭವವನ್ನು ನಮ್ಮ ಔಷಧಾಲಯಗಳು ಗೌರವದಿಂದ ಬಳಸಿಕೊಳ್ಳಬೇಕು. ಔಷಧದಾನವನ್ನು ವಿಧಿಸಿದ ಧರ್ಮಕ್ಕೂ, ಉಗ್ರಾದಿತ್ಯನ ವಾದವನ್ನು ಆಲಿಸಿದ ಈ ನೆಲಕ್ಕೂ ಅದರಿಂದ ಗೌರವ ಸಲ್ಲುವುದು.