ಎಂ.ಎಫ್. ಹುಸೇನ್: ಪಂಢರಪುರದಿಂದ ದೋಹಾವರೆಗೆ

ಸ್ವತಂತ್ರ ಭಾರತದ ಚಿತ್ರಕಲೆಯಲ್ಲಿ ಅಪಾರ ಜನಪ್ರಿಯತೆಯನ್ನೂ ಅಷ್ಟೇ ಕಟುವಾದ ವಿರೋಧವನ್ನೂ ಕಂಡ ಹೆಸರು ಮಕ್ಬೂಲ್ ಫಿದಾ ಹುಸೇನ್. ಕನ್ನಡದ ಹರಿದಾಸರು ಹಾಡಿ ಕೊಂಡಾಡಿದ ವಿಠಲನ ಊರು ಪಂಢರಪುರದಲ್ಲಿ 1915ರ ಸೆಪ್ಟೆಂಬರ್ 17ರಂದು ಜನಿಸಿದ ಅವರು, 2011ರ ಜೂನ್ 9ರಂದು ಲಂಡನ್ನಿನ ಆಸ್ಪತ್ರೆಯಲ್ಲಿ ಕತಾರ್ ದೇಶದ ಪ್ರಜೆಯಾಗಿ ಕೊನೆಯುಸಿರೆಳೆದರು. ಈ ನಡುವಿನ ಬದುಕಿನಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ, ಪದ್ಮಭೂಷಣ, ಪದ್ಮವಿಭೂಷಣ ಮೂರನ್ನೂ ನೀಡಿತ್ತು. 1986ರಲ್ಲಿ ರಾಜ್ಯಸಭೆಗೂ ನಾಮಕರಣ ಮಾಡಿತ್ತು.

ಹುಸೇನ್ ಎಳೆಯ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ತಾಯಿಯ ಮುಖದ ನೆನಪೇ ತಮಗಿಲ್ಲವೆಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ಮದರ್ ತೆರೇಸಾ ಚಿತ್ರಮಾಲಿಕೆಯಲ್ಲಿ ನೀಲಿ ಅಂಚಿನ ಬಿಳಿ ಸೀರೆಯೊಳಗೆ ಮುಖವೇ ಇಲ್ಲದಿರುವುದನ್ನು ಕಂಡವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ತಂದೆಯೊಡನೆ ಇಂದೂರಿನಲ್ಲಿ ಬೆಳೆದು ಮುಂಬಯಿ ಸೇರಿದ ತರುಣ, ಹೊಟ್ಟೆಪಾಡಿಗಾಗಿ ಸಿನಿಮಾ ಹೋರ್ಡಿಂಗ್‌ಗಳನ್ನು ಬರೆದ, ಆಟಿಕೆ ಹಾಗೂ ಪೀಠೋಪಕರಣಗಳ ವಿನ್ಯಾಸ ಮಾಡಿದ. ದೊಡ್ಡ ಅಳತೆಯಲ್ಲಿ, ಸರಸರನೆ, ಜನರ ಕಣ್ಣೆದುರೇ ಚಿತ್ರ ಬರೆಯುವ ಅವರ ಅಭ್ಯಾಸಕ್ಕೆ ಆ ಹೋರ್ಡಿಂಗ್‌ಗಳೇ ಪಾಠಶಾಲೆ ಎನ್ನಬೇಕು.

1947ರಲ್ಲಿ ಎಫ್.ಎನ್. ಸೋಜಾ, ಎಸ್.ಎಚ್. ರಝಾ, ಕೆ.ಎಚ್. ಆರಾ ಮೊದಲಾದವರ 'ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್' ಸೇರಿದ ಮೇಲೆ ಹುಸೇನ್ ಕಲಾವಲಯದ ಗಮನ ಸೆಳೆದರು. ಸೋಜಾ, ರಝಾ ವಿದೇಶಗಳಲ್ಲಿ ನೆಲೆಸಿದರು; ಹುಸೇನ್ ಮಾತ್ರ ಇಲ್ಲೇ ಉಳಿದರು ಎಂಬುದು ಮುಂದಿನ ಘಟನೆಗಳ ಹಿನ್ನೆಲೆಯಲ್ಲಿ ಗಮನಾರ್ಹ. 'ಜಮೀನ್' ಕೃತಿಗೆ 1955ರಲ್ಲಿ ಲಲಿತ ಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿ ಬಂತು. 1967ರಲ್ಲಿ ಫಿಲ್ಮ್ಸ್ ಡಿವಿಷನ್‌ಗಾಗಿ ತಯಾರಿಸಿದ ಕಿರುಚಿತ್ರ ಬರ್ಲಿನ್ ಉತ್ಸವದಲ್ಲಿ ಸ್ವರ್ಣ ಕರಡಿ ಗೆದ್ದಿತು. ರಾಮಾಯಣವನ್ನು ಚಿತ್ರಿಸುವಂತೆ ಅವರನ್ನು ಹುರಿದುಂಬಿಸಿದವರು ರಾಮಮನೋಹರ ಲೋಹಿಯಾ. 1971ರ ಸಾವೊ ಪಾಲೊ ಪ್ರದರ್ಶನಕ್ಕೆ ಪಿಕಾಸೊ ಜೊತೆಗೆ ವಿಶೇಷ ಆಹ್ವಾನ ಬಂದಾಗ ಅವರು ಕೊಂಡೊಯ್ದದ್ದು ಮಹಾಭಾರತದ ಚಿತ್ರಗಳನ್ನು.

ಅವರ ನಡೆಯೆಲ್ಲವೂ ಪ್ರಶ್ನಾತೀತವಾಗಿತ್ತೆಂದಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ ಇಂದಿರಾ ಗಾಂಧಿಯವರನ್ನು ದುರ್ಗೆಯಂತೆ ಚಿತ್ರಿಸಿದ್ದಕ್ಕೆ ಬಂದ ಟೀಕೆ ನ್ಯಾಯವಾದದ್ದೇ. ಬರಿಗಾಲಿನ ಓಡಾಟ, ಮಾಧುರಿ ದೀಕ್ಷಿತ್ ಮೇಲಿನ ಅಭಿಮಾನ, 'ಗಜಗಾಮಿನಿ' ಚಲನಚಿತ್ರ ಇವೆಲ್ಲ ಅವರನ್ನು ಸದಾ ಸುದ್ದಿಯಲ್ಲಿಟ್ಟವು.

ವಿವಾದ ಹೊತ್ತಿಕೊಂಡದ್ದು 1996ರಲ್ಲಿ. ಎಪ್ಪತ್ತರ ದಶಕದಲ್ಲಿ ಬರೆದಿದ್ದ ಸರಸ್ವತಿಯ ನಗ್ನ ರೇಖಾಚಿತ್ರವನ್ನು ಭೋಪಾಲದ ಹಿಂದಿ ನಿಯತಕಾಲಿಕವೊಂದು ಎರಡು ದಶಕಗಳ ಬಳಿಕ ಪ್ರಕಟಿಸಿ ಖಂಡಿಸಿತು. ಮೊಕದ್ದಮೆಗಳು ದಾಖಲಾದವು. ಅದೇ ವರ್ಷ ಅಹಮದಾಬಾದಿನಲ್ಲಿ ಅವರ ಕೃತಿಗಳು ನಾಶವಾದವು. 1998ರಲ್ಲಿ ಮುಂಬಯಿಯ ಮನೆಗೆ ಬಜರಂಗ ದಳದ ಕಾರ್ಯಕರ್ತರು ನುಗ್ಗಿ ದಾಂದಲೆ ನಡೆಸಿದರು. 2004ರಲ್ಲಿ 'ಮೀನಾಕ್ಷಿ' ಚಿತ್ರದ ಹಾಡೊಂದಕ್ಕೆ ಮುಸ್ಲಿಂ ಸಂಘಟನೆಗಳು ಆಕ್ಷೇಪಿಸಿದಾಗ ಚಿತ್ರವನ್ನೇ ಚಿತ್ರಮಂದಿರಗಳಿಂದ ಹಿಂಪಡೆಯಲಾಯಿತು.

2006ರಲ್ಲಿ ಸಹಾಯಾರ್ಥ ಹರಾಜಿನ ಜಾಹೀರಾತೊಂದರಲ್ಲಿ ಭಾರತದ ಭೂಪಟದಂತೆ ಮೈಚಾಚಿದ ನಗ್ನ ಸ್ತ್ರೀಯ ಚಿತ್ರ 'ಭಾರತ ಮಾತೆ' ಎಂಬ ಹೆಸರಿನಲ್ಲಿ ಕಾಣಿಸಿಕೊಂಡಿತು. ಆ ಶೀರ್ಷಿಕೆ ತಮ್ಮದಲ್ಲ, ಚಿತ್ರ ಹಿಂದೆಯೇ ಮಾರಾಟವಾಗಿತ್ತು ಎಂದು ಹುಸೇನ್ ನಿವೇದಿಸಿದರು, ಕ್ಷಮೆಯನ್ನೂ ಕೋರಿದರು. ಆದರೂ ದೇಶದ ನಾನಾ ಕಡೆ ದೂರುಗಳು ದಾಖಲಾದವು. ಹುಟ್ಟಿದ ಪಂಢರಪುರ ಮತ್ತು ಬೆಳೆದ ಇಂದೂರುಗಳೂ ಆ ಪಟ್ಟಿಯಲ್ಲಿದ್ದವು. ಅದೇ ವರ್ಷ ದೇಶ ತೊರೆದ ಅವರು ದುಬೈ ಮತ್ತು ಲಂಡನ್‌ಗಳಲ್ಲಿ ನೆಲೆಸಿದರು.

2008ರ ಮೇ 8ರಂದು ದಿಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಈ ಚಿತ್ರದ ಕುರಿತ ಮೊಕದ್ದಮೆಗಳನ್ನು ರದ್ದುಪಡಿಸಿದರು. ನಗ್ನತೆಯೊಂದೇ ಅಶ್ಲೀಲವಾಗದು, ತೊಂಬತ್ತರ ಕಲಾವಿದ ತನ್ನ ಮನೆಯಲ್ಲಿ ಕುಳಿತು ಚಿತ್ರ ಬರೆಯುವಂತಾಗಬೇಕು ಎಂಬುದು ತೀರ್ಪಿನ ಆಶಯ. ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸಹ ಇದರಲ್ಲಿ ಮಧ್ಯಪ್ರವೇಶಿಸಲು ನಿರಾಕರಿಸಿತು. ಹಾಗಿದ್ದರೆ ಅವರು ಮರಳಲಿಲ್ಲವೇಕೆ? ಉತ್ತರ ಆ ಎರಡು ತೀರ್ಪುಗಳ ನಡುವಿನ ಆಗಸ್ಟ್ ತಿಂಗಳಲ್ಲೇ ಇದೆ. ದಿಲ್ಲಿಯಲ್ಲಿ ನಡೆದ ಮೊದಲ ಇಂಡಿಯಾ ಆರ್ಟ್ ಸಮಿಟ್, ದಾಳಿಯ ಭೀತಿಯಿಂದ ಹುಸೇನರ ಕೃತಿಗಳನ್ನೇ ಕೈಬಿಟ್ಟಿತು. ಇದನ್ನು ಪ್ರತಿಭಟಿಸಿ 'ಸಹಮತ್' ಸಂಸ್ಥೆ ಏರ್ಪಡಿಸಿದ ಅವರ ಚಿತ್ರಗಳ ಪ್ರದರ್ಶನದ ಮೇಲೆ ದಾಳಿ ನಡೆಯಿತು. ನ್ಯಾಯಾಲಯ ಕೊಟ್ಟದ್ದನ್ನು ಬೀದಿ ಕಸಿದುಕೊಂಡಿತ್ತು.

2010ರ ಆರಂಭದಲ್ಲಿ ಕತಾರ್ ತನ್ನ ಪೌರತ್ವವನ್ನು ನೀಡಿತು. ಭಾರತ ಸರ್ಕಾರದಿಂದ ಭದ್ರತೆಯ ಭರವಸೆ ಬಂತಾದರೂ 95ರ ಸಮೀಪದಲ್ಲಿದ್ದ ಕಲಾವಿದನಿಗೆ ಅದು ಸಾಕೆನಿಸಲಿಲ್ಲ. ಮಾರ್ಚ್‌ನಲ್ಲಿ ದೋಹಾದ ರಾಯಭಾರ ಕಚೇರಿಗೆ ತಮ್ಮ ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಿದರು. ಅರಬ್ ನಾಗರಿಕತೆಯ ಚಿತ್ರಮಾಲಿಕೆ ಅಲ್ಲಿ ನಡೆದಿತ್ತು. ಜೊತೆಗೆ ಲಂಡನ್ನಿನಲ್ಲಿ ಭಾರತೀಯ ನಾಗರಿಕತೆಯ ಮಾಲಿಕೆಯೂ ಸಾಗಿತ್ತು. ಎರಡೂ ಅಪೂರ್ಣವಾಗಿಯೇ ಉಳಿದವು. ಅವರ ಸಮಾಧಿ ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿದೆ.

ವಿವಾದ ಅವರೊಂದಿಗೆ ಮಣ್ಣಾಗಲಿಲ್ಲ. 2025ರ ಜನವರಿಯಲ್ಲಿ ದಿಲ್ಲಿಯ ನ್ಯಾಯಾಲಯವೊಂದು ಗ್ಯಾಲರಿಯಲ್ಲಿದ್ದ ಅವರ ಎರಡು ಚಿತ್ರಗಳನ್ನು ವಶಪಡಿಸಿಕೊಳ್ಳಲು ಆದೇಶಿಸಿತು. ಎರಡೇ ತಿಂಗಳಲ್ಲಿ, 1954ರ 'ಗ್ರಾಮ ಯಾತ್ರಾ' ನ್ಯೂಯಾರ್ಕ್ ಹರಾಜಿನಲ್ಲಿ 1.37 ಕೋಟಿ ಡಾಲರ್‌ಗೂ ಹೆಚ್ಚು ಬೆಲೆಗೆ ಮಾರಾಟವಾಗಿ, ಆಧುನಿಕ ಭಾರತೀಯ ಕಲೆಗೆ ಅಲ್ಲಿಯವರೆಗೆ ಸಂದಿದ್ದ ಮೊತ್ತಗಳನ್ನೆಲ್ಲ ಮೀರಿಸಿತು. ನಾರ್ವೆಯ ಆಸ್ಪತ್ರೆಯೊಂದರ ಗೋಡೆಯಲ್ಲಿ ದಶಕಗಳ ಕಾಲ ಹೆಚ್ಚಿನವರ ಗಮನಕ್ಕೆ ಬಾರದೆ ತೂಗುತ್ತಿದ್ದ ಚಿತ್ರವದು. ನವೆಂಬರಿನಲ್ಲಿ ದೋಹಾದಲ್ಲಿ, ಹುಸೇನರೇ ಬರೆದಿಟ್ಟಿದ್ದ ರೇಖಾಚಿತ್ರವನ್ನು ಆಧರಿಸಿದ ಕಟ್ಟಡದಲ್ಲಿ, ಅವರ ಕೃತಿಗಳಿಗೆಂದೇ ಮೀಸಲಾದ ವಸ್ತುಸಂಗ್ರಹಾಲಯ ತೆರೆಯಿತು.