ಕಾಕಾನ ಸತ್ಯಭಾಮೆ, ಅತ್ತಿಯ ಸೀರೆ

ಕಣಗಿನಹಾಳವೆಂದೊಡನೆ ಜನರಿಗೆ ನೆನಪಾಗುವುದು 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ. ಆ ಪಾಠವನ್ನು ನಾನು ಎಷ್ಟು ಸಲ ಮಾಡಿರುವೆನೆಂಬುದು ನನ್ನ ವಿದ್ಯಾರ್ಥಿಗಳಿಗೆ ಗೊತ್ತು. ಅದೇ 1905ರಲ್ಲಿ ನಾರಾಯಣ ಶ್ರೀಪಾದ ರಾಜಹಂಸ ಎಂಬ ತರುಣರು ಕಿರ್ಲೋಸ್ಕರ ನಾಟಕ ಮಂಡಳಿಯನ್ನು ಸೇರಿದರು. ಮುಂದೆ ಬಾಲಗಂಧರ್ವರೆಂದು ಹೆಸರಾದ ಅವರು ಸ್ತ್ರೀಪಾತ್ರದಲ್ಲಿ ರಂಗಕ್ಕೆ ಬಂದರೆ, ಅವರ ನತ್ತು, ಸೀರೆಯ ನೆರಿಗೆ, ಹೂ ಮುಡಿಯುವ ರೀತಿಗಳನ್ನು ಪುಣೆಯ ಗೃಹಿಣಿಯರೇ ಅನುಕರಿಸುತ್ತಿದ್ದರಂತೆ. (ಅವರ ಉತ್ತರಾಯುಷ್ಯದ ಸಂಗಾತಿ ಗೋಹರಬಾಯಿ ಕರ್ನಾಟಕಿ ನಮ್ಮ ಬೀಳಗಿಯವರು.) ನಮ್ಮ ಸೀಮೆಯಲ್ಲಿಯೂ ಶಿರಹಟ್ಟಿಯ ವೆಂಕೋಬರಾಯರ ಕಂಪನಿ, ಗದಗಿನಲ್ಲಿ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಹೆಸರು ಮಾಡಿದ್ದವು. ಏಣಗಿ ಬಾಳಪ್ಪನವರಂಥ ಹಿರಿಯ ನಟರೂ ಎಳವೆಯಲ್ಲಿ ಸೀರೆ ಉಟ್ಟೇ ರಂಗವೇರಿದವರು.

ಗಂಡಸರನ್ನು ನೋಡಿ ಹೆಂಗಸರು ಶೃಂಗಾರ ಕಲಿತರೆಂದು ರಂಗಭೂಮಿಯ ಚರಿತ್ರೆಯಲ್ಲಿ ಓದುತ್ತೇವೆ. ಆ ಗಂಡಸರು ಯಾರಿಂದ ಕಲಿತರು? ನಮ್ಮ ಮನೆಯ ಮಟ್ಟಿಗೆ ಉತ್ತರ ನನಗೆ ಗೊತ್ತು.

ನನ್ನ ಕಾಕಾ ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆಯ ಪಾತ್ರ ಮಾಡುತ್ತಿದ್ದರು. ಕಲಿಸಿದವರು ಅವರ ಅಕ್ಕ, ಎಂದರೆ ನನ್ನ ಸೋದರತ್ತೆ. ಅತ್ತಿ ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ಆಗ ಅವರಿಗೆ ಹತ್ತೊಂಬತ್ತು ವರ್ಷ. ಕುಂಕುಮ, ಹೂವು, ಹಸಿರು ಬಳೆ ಎಲ್ಲವೂ ಹೋದವು. ಮದುವೆಯ ಇಳಕಲ್ ಸೀರೆ, ಟೋಪ್ ತೆನಿಯ ರೇಷ್ಮೆ ಸೆರಗಿನದು, ಗುಳೇದಗುಡ್ಡದ ಖಣದ ಕುಪ್ಪಸದೊಡನೆ ಟ್ರಂಕಿನ ತಳ ಸೇರಿತು. ಅದನ್ನು ಮತ್ತೆ ಬೆಳಕಿಗೆ ತಂದದ್ದು ಕಾಕಾನ ಸತ್ಯಭಾಮೆ.

ಆಟದ ದಿನ ಮಧ್ಯಾಹ್ನವೇ ಒಳಕೋಣೆಯ ಕದ ಮುಚ್ಚುತ್ತಿತ್ತು. ಹುಡುಗನಾದ ನನಗೆ ಮಾತ್ರ ಪ್ರವೇಶ, ಕನ್ನಡಿ ಹಿಡಿಯುವುದಕ್ಕೆ. ಚೌರಿ ಸೇರಿಸಿ ತುರುಬು ಕಟ್ಟುವುದು, ಕಚ್ಚೆಯ ಬಿಗಿ, ಟೀಕಿ ಕೊರಳಿಗೆ ಎಷ್ಟು ಹತ್ತಿರ ಇರಬೇಕು, ಬೋರಮಾಳ ಎಷ್ಟು ಇಳಿಯಬೇಕು, ಒಂದನ್ನೂ ಅತ್ತಿ ಬಿಡುತ್ತಿರಲಿಲ್ಲ. ಆದರೆ ಅವರ ನಿಜವಾದ ಪಾಠ ನಡೆದದ್ದು ಸೆರಗಿನ ಮೇಲೆ. ಕೃಷ್ಣನ ಮೇಲೆ ಸಿಟ್ಟಾದ ಭಾಮೆ ಕೂಗಾಡುವುದನ್ನು ಉಳಿದ ನಟರು ಮಾಡುತ್ತಿದ್ದರು. ಅತ್ತಿ ತಮ್ಮನಿಗೆ ಹೇಳುತ್ತಿದ್ದುದೇ ಬೇರೆ: “ಒದರಬ್ಯಾಡೋ ತಮ್ಮಾ. ಸೆರಗ ಒಂದ ಸಲ ಬಿಗದ ಹೊದ್ಕೊಂಡ ಹೊಳ್ಳಿ ನಿಂದ್ರು. ನೋಡಾವ್ರಿಗೆ ತಿಳೀತೈತಿ.” ಕಾಕಾ ಹಾಗೆಯೇ ನಿಂತರು. ನೆರೆದ ಹೆಣ್ಣುಮಕ್ಕಳು ಗಪ್ಪಾಗುತ್ತಿದ್ದುದನ್ನು ನಾನು ಕಂಡಿದ್ದೇನೆ.

ಅತ್ತಿ ಆಟ ನೋಡಲು ಮುಂದೆ ಕೂಡ್ರುತ್ತಿರಲಿಲ್ಲ, ಮಾಳಿಗೆಯ ಮೇಲೆ ಕತ್ತಲಲ್ಲಿ ನಿಂತು ನೋಡುತ್ತಿದ್ದರು. ತಾನು ಉಡಲಾರದ ಸೀರೆಯನ್ನು ಊರೆಲ್ಲ ಹೊಗಳುವಾಗ ಆ ಜೀವಕ್ಕೆ ಏನೆನಿಸಿತ್ತೋ! ಸಂತೋಷವೇ ಇದ್ದಿರಬೇಕೆಂದು ನನ್ನ ಎಣಿಕೆ. ಹಾಗಲ್ಲದಿದ್ದರೆ ಮರುದಿನ ಅಷ್ಟು ಹುರುಪಿನಿಂದ ತಪ್ಪು ತೆಗೆಯುತ್ತಿರಲಿಲ್ಲ.

1970ರ ದಶಕದ ಕೊನೆಗೆ ನಾಟಕಕ್ಕೆ ಹೊರಗಿನಿಂದ ನಟಿಯರನ್ನು ಕರೆಸತೊಡಗಿದರು. ಅದು ನ್ಯಾಯವೇ ಸರಿ. ಕಾಕಾನ ಪಾತ್ರ ನಿಂತಿತು. 1984ರಲ್ಲಿ ಅತ್ತಿ ತೀರಿಕೊಂಡರು.

ಆಮೇಲೆ ಪ್ರತಿವರ್ಷ ಅತ್ತಿಯ ಪುಣ್ಯತಿಥಿಯ ಸಂಜೆ ಕಾಕಾ ಒಳಕೋಣೆಗೆ ಹೋಗಿ ಆ ಸೀರೆ ಉಟ್ಟು, ಕೆಲಹೊತ್ತು ಕನ್ನಡಿಯ ಮುಂದೆ ಕುಳಿತು ಬರುತ್ತಿದ್ದರು. ಮನೆಯವರಿಗೆಲ್ಲ ಗೊತ್ತಿತ್ತು, ಯಾರೂ ಪ್ರಶ್ನಿಸಲಿಲ್ಲ. ಚಿಗವ್ವ ತಾನೇ ಸೀರೆ ಬಿಸಿಲಿಗೆ ಹಾಕಿ ಮಡಚಿಡುತ್ತಿದ್ದಳು. ಹೊರಗಿನವರು ಕೇಳಿದರೆ ನಕ್ಕಾರು. ಕಾಳವ್ವ ಜೋಗತಿಯವರ ತಂಡದಲ್ಲಿ ಬೆಳೆದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಪ್ರದಾನವಾದುದನ್ನು ಟಿ.ವಿ.ಯಲ್ಲಿ ನೋಡಿದಾಗ ನನಗೆ ಕಾಕಾ ನೆನಪಾದರು. ಅವರದು ದೈವದ ದಾರಿ, ಬದುಕೇ ಹೆಣ್ಣಾದ ದಾರಿ, ಕಾಕಾನದು ಹಾಗಲ್ಲ. ಆದರೂ ಇಬ್ಬರಿಗೂ ಕೈಹಿಡಿದು ಕಲಿಸಿದ ಹಿರಿಯಳೊಬ್ಬಳು ಇದ್ದಳು.

ಸೀರೆ ಈಗ ಕಾಕಾನ ಮೊಮ್ಮಗಳ ಬಳಿ ಇದೆ. ಸತ್ಯಭಾಮೆಯ ವೇಷದ ಫೋಟೋ ಒಂದೂ ಉಳಿದಿಲ್ಲ. ಬಂಧುಗಳಲ್ಲಿ ಯಾರ ಮನೆಯ ಆಲ್ಬಮ್ಮಿನಲ್ಲಾದರೂ ಇದ್ದರೆ ದಯಮಾಡಿ ತಿಳಿಸಿರಿ.