ಲೋಹ-ಸಾವಯವ ಚೌಕಟ್ಟುಗಳು

ಲೋಹ-ಸಾವಯವ ಚೌಕಟ್ಟುಗಳು ಲೋಹದ ಅಯಾನುಗಳನ್ನು ಇಂಗಾಲಯುಕ್ತ ಸಾವಯವ ಅಣುಗಳ ಮೂಲಕ ಒಂದಕ್ಕೊಂದು ಬೆಸೆದು ಪಡೆಯುವ ಸ್ಫಟಿಕರೂಪದ ಘನವಸ್ತುಗಳು. ಇವುಗಳ ಒಳಭಾಗದಲ್ಲಿ ಕ್ರಮಬದ್ಧವಾದ ಪೊಳ್ಳುಗಳಿದ್ದು, ಅನಿಲ, ನೀರು ಮೊದಲಾದವುಗಳ ಅಣುಗಳು ಆ ಪೊಳ್ಳುಗಳನ್ನು ಹೊಕ್ಕು ಹೊರಬರಬಲ್ಲವು. ಎಂಓಎಫ್ ಎಂಬುದು ಇವುಗಳ ಪ್ರಚಲಿತ ಹ್ರಸ್ವನಾಮ. ಇವುಗಳ ಅಭಿವೃದ್ಧಿಗಾಗಿ ಜಪಾನಿನ ಸುಸುಮು ಕಿತಗಾವಾ, ಆಸ್ಟ್ರೇಲಿಯಾದ ರಿಚರ್ಡ್ ರಾಬ್ಸನ್ ಮತ್ತು ಅಮೆರಿಕದ ಒಮರ್ ಯಾಘಿ ಅವರಿಗೆ 2025ನೆಯ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಸಮಾನವಾಗಿ ಹಂಚಲಾಯಿತು.

ಸಾಮಾನ್ಯವಾಗಿ ಒಂದು ವಸ್ತುವಿನ ಉಪಯುಕ್ತತೆಯನ್ನು ಅದರಲ್ಲಿ ಏನಿದೆ ಎಂಬುದರಿಂದ ಅಳೆಯಲಾಗುತ್ತದೆ. ಈ ಚೌಕಟ್ಟುಗಳ ಉಪಯುಕ್ತತೆ ಮುಖ್ಯವಾಗಿ ಇರುವುದು ಅವುಗಳೊಳಗಿನ ಖಾಲಿ ಜಾಗದಲ್ಲಿ. ಆ ಜಾಗದ ಅಳತೆ, ಆಕಾರ ಮತ್ತು ಸ್ವಭಾವಗಳನ್ನು ರಸಾಯನಶಾಸ್ತ್ರಜ್ಞರು ಮೊದಲೇ ಯೋಜಿಸಿ ರೂಪಿಸಬಹುದು ಎಂಬುದೇ ಇವುಗಳ ವೈಶಿಷ್ಟ್ಯ.

ರಚನೆ

ಪ್ರತಿಯೊಂದು ಚೌಕಟ್ಟಿನಲ್ಲಿ ಎರಡು ಅಂಗಗಳಿರುತ್ತವೆ. ಸತು, ತಾಮ್ರ, ಕೋಬಾಲ್ಟ್, ಅಲ್ಯೂಮಿನಿಯಂ, ಜಿರ್ಕೋನಿಯಂ ಮೊದಲಾದ ಲೋಹಗಳ ಅಯಾನುಗಳು ಅಥವಾ ಅವುಗಳ ಸಣ್ಣ ಗುಂಪುಗಳು ಗಂಟುಗಳಂತೆ ನಿಲ್ಲುತ್ತವೆ. ಎರಡು ಅಥವಾ ಹೆಚ್ಚು ತುದಿಗಳಲ್ಲಿ ಲೋಹವನ್ನು ಹಿಡಿಯಬಲ್ಲ ಸಾವಯವ ಅಣುಗಳು ಆ ಗಂಟುಗಳನ್ನು ಜೋಡಿಸುವ ಕೊಂಡಿಗಳಾಗುತ್ತವೆ. ಕಟ್ಟಡದಲ್ಲಿ ಕಂಬ ಮತ್ತು ತೊಲೆಗಳು ಸೇರಿ ಕೋಣೆಗಳಾಗುವಂತೆ, ಗಂಟು ಮತ್ತು ಕೊಂಡಿಗಳು ಮೂರೂ ದಿಕ್ಕುಗಳಲ್ಲಿ ಪುನರಾವರ್ತನೆಗೊಂಡು ಪೊಳ್ಳುಗಳ ಸಾಲುಗಳಾಗುತ್ತವೆ.

ಅತ್ಯಂತ ಪರಿಚಿತ ಉದಾಹರಣೆಯಾದ ಎಂಓಎಫ್-5ರಲ್ಲಿ ನಾಲ್ಕು ಸತುವಿನ ಅಯಾನುಗಳು ಒಂದು ಆಮ್ಲಜನಕದ ಸುತ್ತ ಸೇರಿ ಗಂಟಾಗುತ್ತವೆ. ಕೊಂಡಿಯಾಗಿ ಬಳಕೆಯಾಗುವುದು ಟೆರೆಫ್ತಾಲಿಕ್ ಆಮ್ಲ. ಪಾಲಿಯೆಸ್ಟರ್ ಬಟ್ಟೆ ಮತ್ತು ಪ್ಲಾಸ್ಟಿಕ್ ನೀರಿನ ಬಾಟಲಿಗಳ ತಯಾರಿಕೆಯಲ್ಲಿಯೂ ಇದೇ ಆಮ್ಲ ಬಳಕೆಯಲ್ಲಿದೆ. ಕೊಂಡಿಯ ಉದ್ದವನ್ನು ಹೆಚ್ಚಿಸಿದರೆ ಪೊಳ್ಳು ದೊಡ್ಡದಾಗುತ್ತದೆ. ಕೊಂಡಿಗೆ ಬೇರೊಂದು ರಾಸಾಯನಿಕ ಗುಂಪನ್ನು ಸೇರಿಸಿದರೆ ಪೊಳ್ಳಿನ ಒಳಗೋಡೆಯ ಸ್ವಭಾವ ಬದಲಾಗುತ್ತದೆ.

ಪೊಳ್ಳುಗಳ ಕಾರಣದಿಂದ ಇವುಗಳ ಒಳಮೇಲ್ಮೈಯ ವಿಸ್ತೀರ್ಣ ಅಸಾಧಾರಣವಾಗಿ ದೊಡ್ಡದು. ಕೆಲವೇ ಗ್ರಾಂ ಎಂಓಎಫ್-5ರ ಒಳಮೇಲ್ಮೈಯನ್ನು ಹರಡಿದರೆ ಅದು ಒಂದು ಫುಟ್‌ಬಾಲ್ ಮೈದಾನದಷ್ಟಾಗುತ್ತದೆ. 2012ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ತಯಾರಾದ ಎನ್‌ಯು-110 ಎಂಬ ಚೌಕಟ್ಟಿನ ಒಂದು ಗ್ರಾಂಗೆ ಸುಮಾರು 7,000 ಚದರ ಮೀಟರ್ ಮೇಲ್ಮೈ ಇದೆಯೆಂದು ಅಳೆಯಲಾಯಿತು.

ಇತಿಹಾಸ

ಹಿನ್ನೆಲೆ

ಲೋಹದ ಅಯಾನುಗಳು ಅಣುಗಳ ಕೊಂಡಿಯಿಂದ ಜಾಲವಾಗುವುದು ಪ್ರಕೃತಿಗೂ ಪ್ರಯೋಗಶಾಲೆಗೂ ಹೊಸದಲ್ಲ. ಹದಿನೆಂಟನೆಯ ಶತಮಾನದ ಆರಂಭದಿಂದ ಬಣ್ಣವಾಗಿ ಬಳಕೆಯಲ್ಲಿರುವ ಪ್ರಷ್ಯನ್ ನೀಲಿಯಲ್ಲಿ ಕಬ್ಬಿಣದ ಅಯಾನುಗಳು ಸಯನೈಡ್ ಕೊಂಡಿಗಳಿಂದ ಜೋಡಣೆಗೊಂಡಿವೆ. ಲೋಹದ ಸುತ್ತ ಅಣುಗಳು ನಿರ್ದಿಷ್ಟ ಸಂಖ್ಯೆಯಲ್ಲಿ, ನಿರ್ದಿಷ್ಟ ದಿಕ್ಕುಗಳಲ್ಲಿ ಸೇರುತ್ತವೆಂಬ ಸಿದ್ಧಾಂತವನ್ನು ಆಲ್ಫ್ರೆಡ್ ವರ್ನರ್ 1893ರಲ್ಲಿ ಮಂಡಿಸಿ, 1913ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ರಂಧ್ರಯುಕ್ತ ಖನಿಜಗಳಾದ ಜಿಯೋಲೈಟ್‌ಗಳನ್ನು ಕೈಗಾರಿಕೆಗಳು ಬಹುಕಾಲದಿಂದ ಬಳಸುತ್ತಿವೆ. ಆದರೆ ಜಿಯೋಲೈಟ್‌ಗಳ ರಚನೆಯನ್ನು ಇಷ್ಟದಂತೆ ಮಾರ್ಪಡಿಸಲು ಇರುವ ಅವಕಾಶ ಸೀಮಿತವಾದುದು.

ಮರದ ಗುಂಡುಗಳ ಮಾದರಿ

1974ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ರಿಚರ್ಡ್ ರಾಬ್ಸನ್ ತರಗತಿಯ ಪಾಠಕ್ಕಾಗಿ ಮರದ ಗುಂಡುಗಳಿಂದ ಸ್ಫಟಿಕಗಳ ಮಾದರಿಗಳನ್ನು ಸಿದ್ಧಪಡಿಸುತ್ತಿದ್ದರು. ಪರಮಾಣುವನ್ನು ಪ್ರತಿನಿಧಿಸುವ ಪ್ರತಿ ಗುಂಡಿನಲ್ಲಿಯೂ ಕಡ್ಡಿ ಸಿಕ್ಕಿಸಲು ರಂಧ್ರಗಳನ್ನು ಎಲ್ಲೆಲ್ಲಿ ಕೊರೆಯಬೇಕೆಂದು ಅವರು ಗುರುತು ಮಾಡಿಕೊಡಬೇಕಾಗಿತ್ತು. ರಂಧ್ರಗಳ ಸ್ಥಾನ ಸರಿಯಾಗಿದ್ದರೆ ಮಾದರಿಯ ಒಟ್ಟು ಆಕಾರ ತಾನಾಗಿಯೇ ಮೂಡುವುದನ್ನು ಅವರು ಗಮನಿಸಿದರು. ಗುಂಡುಗಳ ಬದಲು ನಿಜವಾದ ಅಯಾನು ಮತ್ತು ಅಣುಗಳ ಬಂಧಸ್ವಭಾವವನ್ನೇ ಬಳಸಿ ಹೊಸ ರಚನೆಗಳನ್ನು ಕಟ್ಟಬಹುದೇ ಎಂಬ ಪ್ರಶ್ನೆ ಅವರಲ್ಲಿ ಹುಟ್ಟಿದ್ದು ಇದರಿಂದ.

ಒಂದು ದಶಕಕ್ಕೂ ಹೆಚ್ಚು ಕಾಲದ ನಂತರ ಅವರು ಪ್ರಯೋಗಕ್ಕೆ ತೊಡಗಿದರು. ನಾಲ್ಕು ದಿಕ್ಕುಗಳಲ್ಲಿ ಬಂಧ ಬೆಳೆಸುವ ತಾಮ್ರದ ಅಯಾನನ್ನು, ನಾಲ್ಕು ತೋಳುಗಳ ತುದಿಯಲ್ಲಿ ಸಾರಜನಕವಿರುವ ಸಾವಯವ ಅಣುವಿನೊಂದಿಗೆ ಸೇರಿಸಿದಾಗ ವಜ್ರದ ರಚನೆಯನ್ನು ಹೋಲುವ, ಆದರೆ ಒಳಗೆ ವಿಶಾಲ ಪೊಳ್ಳುಗಳಿರುವ ಸ್ಫಟಿಕ ದೊರೆಯಿತು. ಇದನ್ನು ರಾಬ್ಸನ್ ಮತ್ತು ಅವರ ಸಹೋದ್ಯೋಗಿ ಬರ್ನಾರ್ಡ್ ಹಾಸ್ಕಿನ್ಸ್ 1989ರಲ್ಲಿ ಪ್ರಕಟಿಸಿದರು. ಪೊಳ್ಳುಗಳನ್ನು ತುಂಬಿದ್ದ ದ್ರಾವಕವನ್ನು ತೆಗೆದರೆ ಇಂತಹ ರಚನೆಗಳು ಕುಸಿಯುತ್ತಿದ್ದುದು ಆಗಿನ ದೊಡ್ಡ ತೊಡಕಾಗಿತ್ತು.

ಸ್ಥಿರತೆ ಮತ್ತು ನಮ್ಯತೆ

ಕಿತಗಾವಾ ಅವರ ಆರಂಭದ ರಚನೆಗಳೂ ಅಸ್ಥಿರವಾಗಿದ್ದವು. ಅಗ್ಗವೂ ಗಟ್ಟಿಯೂ ಆದ ಜಿಯೋಲೈಟ್‌ಗಳಿರುವಾಗ ಇವುಗಳ ಅಗತ್ಯವೇನೆಂದು ಧನಸಹಾಯ ನೀಡುವ ಸಂಸ್ಥೆಗಳು ಅವರ ಅರ್ಜಿಗಳನ್ನು ಪುರಸ್ಕರಿಸಲಿಲ್ಲ. 1997ರಲ್ಲಿ ಅವರ ತಂಡ ಕೋಬಾಲ್ಟ್, ನಿಕ್ಕಲ್ ಅಥವಾ ಸತುವಿನ ಅಯಾನುಗಳಿಂದ ಮೂರು ಆಯಾಮಗಳ ಚೌಕಟ್ಟುಗಳನ್ನು ನಿರ್ಮಿಸಿತು. ಅವು ಒಣಗಿಸಿದ ಮೇಲೂ ಉಳಿದು, ಮೀಥೇನ್, ಸಾರಜನಕ ಮತ್ತು ಆಮ್ಲಜನಕ ಅನಿಲಗಳನ್ನು ಹೀರಿಕೊಂಡು ಬಿಟ್ಟುಕೊಟ್ಟವು. ಜಿಯೋಲೈಟ್‌ನಂತೆ ಬಿಗಿಯಾಗಿರದೆ ಅನಿಲ ಒಳಬಂದಾಗ ಹಿಗ್ಗಿ, ಹೊರಹೋದಾಗ ಕುಗ್ಗುವ ನಮ್ಯ ಚೌಕಟ್ಟುಗಳೂ ಸಾಧ್ಯವೆಂದು 1998ರಲ್ಲಿ ಕಿತಗಾವಾ ಪ್ರತಿಪಾದಿಸಿದರು. ಮುಂದೆ ಅಂತಹವು ತಯಾರಾದವು.

ಒಮರ್ ಯಾಘಿ 1965ರಲ್ಲಿ ಜೋರ್ಡಾನಿನ ಅಮ್ಮಾನ್ ನಗರದಲ್ಲಿ, ಪ್ಯಾಲೆಸ್ತೀನ್ ನಿರಾಶ್ರಿತರ ಕುಟುಂಬವೊಂದರಲ್ಲಿ ಜನಿಸಿದರು. ವಿದ್ಯುತ್ ಮತ್ತು ನಲ್ಲಿ ನೀರಿಲ್ಲದ ಒಂದೇ ಕೋಣೆಯ ಮನೆಯಲ್ಲಿ ಬೆಳೆದ ಅವರು 15ನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸಕ್ಕಾಗಿ ಅಮೆರಿಕಕ್ಕೆ ತೆರಳಿದರು. ಲೋಹ-ಸಾವಯವ ಚೌಕಟ್ಟು ಎಂಬ ಹೆಸರನ್ನು ಅವರು 1995ರ ಪ್ರಬಂಧದಲ್ಲಿ ಬಳಸಿದರು. 1999ರಲ್ಲಿ ಪ್ರಕಟವಾದ ಅವರ ಎಂಓಎಫ್-5, ಪೊಳ್ಳುಗಳು ಪೂರ್ತಿ ಖಾಲಿಯಾಗಿದ್ದರೂ 300 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನು ತಾಳಿಕೊಂಡಿತು. ಅದರ ಮೂಲ ವಿನ್ಯಾಸವನ್ನು ಉಳಿಸಿಕೊಂಡು, ಕೊಂಡಿಗಳನ್ನು ಮಾತ್ರ ಬದಲಾಯಿಸಿ 16 ಚೌಕಟ್ಟುಗಳನ್ನು ತಯಾರಿಸಬಹುದೆಂದು 2002ರಲ್ಲಿ ಅವರ ತಂಡ ತೋರಿಸಿತು. ಅಲ್ಲಿಂದೀಚೆಗೆ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಹತ್ತಾರು ಸಾವಿರ ಬಗೆಯ ಚೌಕಟ್ಟುಗಳು ಸಿದ್ಧವಾಗಿವೆ.

ರಸಾಯನಶಾಸ್ತ್ರದ ವಿವಿಧ ಶಾಖೆಗಳ ಪಾತ್ರ

ಈ ಕ್ಷೇತ್ರ ಯಾವುದೇ ಒಂದು ಶಾಖೆಗೆ ಸೇರಿದುದಲ್ಲ. ಲೋಹದ ಗಂಟುಗಳ ಅಧ್ಯಯನ ನಿರವಯವ ರಸಾಯನಶಾಸ್ತ್ರಕ್ಕೂ ಕೊಂಡಿಗಳ ಸಂಶ್ಲೇಷಣೆ ಸಾವಯವ ರಸಾಯನಶಾಸ್ತ್ರಕ್ಕೂ ಸೇರುತ್ತವೆ. ಅಣುಗಳು ಪೊಳ್ಳಿನ ಒಳಗೋಡೆಗೆ ಅಂಟಿಕೊಳ್ಳುವ ಕ್ರಿಯೆಯನ್ನು, ಅಂದರೆ ಅಧಿಶೋಷಣೆಯನ್ನು, ಭೌತ ರಸಾಯನಶಾಸ್ತ್ರ ವಿವರಿಸುತ್ತದೆ. ಪರಮಾಣುಗಳ ಸ್ಥಾನವನ್ನು ನಿರ್ಧರಿಸಲು ಎಕ್ಸ್-ಕಿರಣ ಸ್ಫಟಿಕಶಾಸ್ತ್ರ ಬೇಕು.

ಗಂಟು ಮತ್ತು ಕೊಂಡಿಗಳ ಜೋಡಿಗಳು ಲೆಕ್ಕವಿಲ್ಲದಷ್ಟು ಇರುವುದರಿಂದ ಎಲ್ಲವನ್ನೂ ಪ್ರಯೋಗದಿಂದ ಪರೀಕ್ಷಿಸುವುದು ಅಸಾಧ್ಯ. ಇಲ್ಲಿ ಗಣಕ ರಸಾಯನಶಾಸ್ತ್ರ ನೆರವಾಗುತ್ತದೆ. 2012ರಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 1,37,953 ಕಾಲ್ಪನಿಕ ಚೌಕಟ್ಟುಗಳನ್ನು ಗಣಕದಲ್ಲಿ ರೂಪಿಸಿ, ಮೀಥೇನ್ ಸಂಗ್ರಹಕ್ಕೆ ಯೋಗ್ಯವಾದವುಗಳನ್ನು ಆರಿಸಿದರು. ಹೀಗೆ ಆರಿಸಿದ ಒಂದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿಯೂ ನೋಡಿದರು.

ಉಪಯೋಗಗಳು

ಗಾಳಿಯಿಂದ ನೀರು

ಮರುಭೂಮಿಯ ಒಣ ಗಾಳಿಯಲ್ಲಿಯೂ ಸ್ವಲ್ಪ ನೀರಾವಿ ಇರುತ್ತದೆ. ರಾತ್ರಿಯ ತಂಪಿನಲ್ಲಿ ಚೌಕಟ್ಟು ಆ ಆವಿಯನ್ನು ಹೀರಿಕೊಳ್ಳುತ್ತದೆ. ಹಗಲಿನ ಬಿಸಿಲಿಗೆ ಅದನ್ನು ಬಿಟ್ಟುಕೊಡುತ್ತದೆ; ಹೊರಬಂದ ಆವಿಯನ್ನು ತಣಿಸಿ ನೀರಾಗಿ ಹಿಡಿಯಲಾಗುತ್ತದೆ. ಜಿರ್ಕೋನಿಯಂ ಆಧಾರಿತ ಎಂಓಎಫ್-801 ಬಳಸಿದರೆ, ಸಾಪೇಕ್ಷ ಆರ್ದ್ರತೆ ಶೇಕಡಾ 20ರಷ್ಟಿದ್ದರೂ ಪ್ರತಿ ಕಿಲೋಗ್ರಾಂ ವಸ್ತುವಿನಿಂದ ದಿನಕ್ಕೆ 2.8 ಲೀಟರ್ ನೀರು ಪಡೆಯಲು ಸಾಧ್ಯವೆಂದು 2017ರ ಒಂದು ಪ್ರಬಂಧ ಅಂದಾಜಿಸಿತು. ಆದರೆ ಮರುವರ್ಷ ಅರಿಜೋನಾದ ಮರುಭೂಮಿಯಲ್ಲಿ ಬಿಸಿಲು ಮತ್ತು ಸಹಜ ತಂಪನ್ನು ಮಾತ್ರ ನೆಚ್ಚಿ ನಡೆಸಿದ ಪರೀಕ್ಷೆಯಲ್ಲಿ ಅದೇ ವಸ್ತುವಿನ ಪ್ರತಿ ಕಿಲೋಗ್ರಾಂ ಒಂದು ಹಗಲು-ರಾತ್ರಿಗೆ ಕೊಟ್ಟದ್ದು 100 ಗ್ರಾಂ ನೀರು. ಅಲ್ಯೂಮಿನಿಯಂ ಆಧಾರಿತ ಎಂಓಎಫ್-303 ಇದರ ಎರಡರಷ್ಟಕ್ಕಿಂತ ಹೆಚ್ಚು ನೀರನ್ನು ನೀಡಿತು. ಅಂದಾಜಿಗೂ ಬಯಲಿನ ಫಲಿತಾಂಶಕ್ಕೂ ನಡುವಿನ ಈ ಅಂತರವನ್ನು ಕಡಿಮೆ ಮಾಡುವುದು ನಂತರದ ಸಂಶೋಧನೆಯ ಮುಖ್ಯ ಗುರಿಗಳಲ್ಲಿ ಒಂದಾಗಿದೆ.

ಇಂಗಾಲದ ಡೈಆಕ್ಸೈಡ್‌ನ ಹಿಡಿತ

ಕಾರ್ಖಾನೆಗಳ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸುವಾಗ ಹೊಗೆಯಲ್ಲಿರುವ ನೀರಾವಿ ಅನೇಕ ಚೌಕಟ್ಟುಗಳ ಪೊಳ್ಳುಗಳನ್ನು ತಾನೇ ಆಕ್ರಮಿಸಿಬಿಡುತ್ತದೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಶಿಮಿಜು ಅವರ ತಂಡ ಸತುವಿನಿಂದ ರೂಪಿಸಿದ ಸಿಎಎಲ್‌ಎಫ್-20 ಎಂಬ ಚೌಕಟ್ಟು ತೇವಾಂಶವಿದ್ದಾಗಲೂ ಇಂಗಾಲದ ಡೈಆಕ್ಸೈಡನ್ನು ಹಿಡಿಯುತ್ತದೆ ಮತ್ತು ಹಬೆಯನ್ನು ತಾಳಿಕೊಳ್ಳುತ್ತದೆ. ಇದರ ವಿವರಗಳು 2021ರಲ್ಲಿ ಪ್ರಕಟವಾದವು. ಸಿಮೆಂಟ್ ಕಾರ್ಖಾನೆಯ ಹೊಗೆಯ ಮೇಲೆ ಇದರ ಪರೀಕ್ಷೆ ನಡೆದಿದೆ.

ಇತರ ಉಪಯೋಗಗಳು

ಚಿಪ್ ತಯಾರಿಕೆಯಲ್ಲಿ ಬೇಕಾಗುವ ಆರ್ಸೀನ್, ಫಾಸ್ಫೀನ್‌ಗಳಂತಹ ವಿಷಾನಿಲಗಳನ್ನು ಕಡಿಮೆ ಒತ್ತಡದಲ್ಲಿ ಸುರಕ್ಷಿತವಾಗಿ ತುಂಬಿಡುವ ಸಿಲಿಂಡರುಗಳು 2016ರಿಂದ ಮಾರುಕಟ್ಟೆಯಲ್ಲಿವೆ. ಹಣ್ಣು ಮಾಗುವುದನ್ನು ತಡಮಾಡುವ ಅನಿಲವನ್ನು ಚೌಕಟ್ಟಿನಲ್ಲಿ ತುಂಬಿ, ಸಾಗಾಣಿಕೆಯ ಪೆಟ್ಟಿಗೆಗಳಲ್ಲಿ ನಿಧಾನವಾಗಿ ಬಿಡುಗಡೆ ಮಾಡುವ ಉತ್ಪನ್ನವೂ ಅದೇ ವರ್ಷ ಬಂದಿತು. ನೀರಿನಲ್ಲಿ ಸೇರಿ ಬಹುಕಾಲ ನಾಶವಾಗದೆ ಉಳಿಯುವ ಫ್ಲೋರಿನ್‌ಯುಕ್ತ ರಾಸಾಯನಿಕಗಳನ್ನು ಹೀರಲು ಜಿರ್ಕೋನಿಯಂ ಚೌಕಟ್ಟುಗಳನ್ನು ಪರೀಕ್ಷಿಸಲಾಗಿದೆ. ಜಲಜನಕವನ್ನು ಇಂಧನವಾಗಿ ಸಂಗ್ರಹಿಸಲು ಎನ್‌ಯು-1501 ಎಂಬ ಚೌಕಟ್ಟು ಭರವಸೆ ಮೂಡಿಸಿದೆ. ಆದರೆ ಹೆಚ್ಚಿನ ಪ್ರಮಾಣವನ್ನು ಹಿಡಿದಿಡಲು ಅದಕ್ಕೆ ತೀವ್ರ ಶೈತ್ಯ ಅಗತ್ಯ.

ಭಾರತದಲ್ಲಿ ಸಂಶೋಧನೆ

ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಅವರ ಸಹವರ್ತಿಗಳು ಲೋಹದ ಫಾಸ್ಫೇಟ್‌ಗಳು ಹಾಗೂ ಕಾರ್ಬಾಕ್ಸಿಲೇಟ್‌ಗಳ ತೆರೆದ ಚೌಕಟ್ಟುಗಳನ್ನು ವ್ಯಾಪಕವಾಗಿ ಅಧ್ಯಯನ ಮಾಡಿದರು. ಲೋಹದ ಕಾರ್ಬಾಕ್ಸಿಲೇಟ್‌ಗಳ ಕುರಿತು ರಾವ್, ಎಸ್. ನಟರಾಜನ್ ಮತ್ತು ಆರ್. ವೈದ್ಯನಾಥನ್ 2004ರಲ್ಲಿ ಬರೆದ ಸಮೀಕ್ಷಾ ಪ್ರಬಂಧದಲ್ಲಿ ಈ ಕಾರ್ಯದ ವಿವರಗಳಿವೆ. ವೈದ್ಯನಾಥನ್ ಮುಂದೆ ಕ್ಯಾಲ್ಗರಿಯಲ್ಲಿ ಶಿಮಿಜು ಅವರೊಂದಿಗೆ ಕೆಲಸ ಮಾಡಿದರು. ಇಂಗಾಲದ ಡೈಆಕ್ಸೈಡ್ ಅಣು ಚೌಕಟ್ಟಿನ ಯಾವ ಜಾಗದಲ್ಲಿ ನೆಲೆಸುತ್ತದೆ ಎಂಬುದನ್ನು ನೇರವಾಗಿ ಗುರುತಿಸಿದ 2010ರ ಪ್ರಬಂಧದ ಲೇಖಕರಲ್ಲಿ ಅವರೂ ಒಬ್ಬರು. ನಂತರ ಅವರು ಪುಣೆಯ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ಈ ಸಂಶೋಧನೆಯನ್ನು ಮುಂದುವರಿಸಿದರು. ಬೆಂಗಳೂರಿನ ಅದೇ ಕೇಂದ್ರದ ತಪಸ್ ಕುಮಾರ್ ಮಾಜಿ, ಕಿತಗಾವಾ ಅವರೊಂದಿಗೆ ನಮ್ಯ ಚೌಕಟ್ಟುಗಳ ಕುರಿತ ಪ್ರಬಂಧವನ್ನು 2007ರಲ್ಲಿ ಪ್ರಕಟಿಸಿದ್ದಾರೆ. ರಾಹುಲ್ ಬ್ಯಾನರ್ಜಿ, ಯಾಘಿ ಅವರ ತಂಡದಲ್ಲಿದ್ದಾಗ ಜಿಯೋಲೈಟ್ ಮಾದರಿಯ ಇಮಿಡಜೋಲೇಟ್ ಚೌಕಟ್ಟುಗಳನ್ನು ಕುರಿತ 2008ರ ಪ್ರಬಂಧದ ಮೊದಲ ಲೇಖಕರಾಗಿದ್ದರು.

ಮಿತಿಗಳು

ಪ್ರಯೋಗಶಾಲೆಯಲ್ಲಿ ಸಿದ್ಧವಾದ ಸಾವಿರಾರು ಚೌಕಟ್ಟುಗಳಲ್ಲಿ ಕೈಗಾರಿಕೆಯನ್ನು ತಲುಪಿದವು ಕೆಲವೇ. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು ತೇವಾಂಶ. ಸತು ಮತ್ತು ಆಮ್ಲಜನಕದ ನಡುವಿನ ಬಂಧವನ್ನು ನೀರು ಸುಲಭವಾಗಿ ಮುರಿಯುವುದರಿಂದ ಎಂಓಎಫ್-5 ಸಾಧಾರಣ ಗಾಳಿಯಲ್ಲಿಟ್ಟರೂ ಕ್ರಮೇಣ ಹಾಳಾಗುತ್ತದೆ. 2008ರಲ್ಲಿ ನಾರ್ವೆಯ ಓಸ್ಲೋ ವಿಶ್ವವಿದ್ಯಾಲಯ ಪ್ರಕಟಿಸಿದ ಯುಐಓ-66ರಲ್ಲಿ ಪ್ರತಿ ಜಿರ್ಕೋನಿಯಂ ಗಂಟನ್ನು 12 ಕೊಂಡಿಗಳು ಹಿಡಿದಿರುವುದರಿಂದ ಅದು ನೀರನ್ನು ತಾಳಿಕೊಳ್ಳುತ್ತದೆ. ನೀರಿಗೆ ಸಂಬಂಧಿಸಿದ ನಂತರದ ಹಲವು ಉಪಯೋಗಗಳು ಸಾಧ್ಯವಾದದ್ದು ಇಂತಹ ಗಟ್ಟಿ ಬಂಧಗಳಿಂದ.

ಎರಡನೆಯದು ಬೆಲೆ. ವಿಶೇಷ ಕೊಂಡಿಗಳ ತಯಾರಿಕೆಗೆ ಹಲವು ಹಂತಗಳು ಬೇಕು. ದ್ರಾವಕವಾಗಿ ಬಳಸುವ ಡೈಮೀಥೈಲ್ ಫಾರ್ಮಮೈಡ್ ಆರೋಗ್ಯಕ್ಕೆ ಹಾನಿಕರ. ಆದುದರಿಂದ ಅಗ್ಗದ ಕೊಂಡಿಗಳನ್ನು ಬಳಸಿ, ನೀರಿನಲ್ಲಿಯೇ ಅಥವಾ ದ್ರಾವಕವಿಲ್ಲದೆ ಅರೆದು ತಯಾರಿಸುವ ವಿಧಾನಗಳತ್ತ ಸಂಶೋಧನೆ ಸಾಗಿದೆ.

ಮೂರನೆಯದು ರೂಪ. ಚೌಕಟ್ಟುಗಳು ಸಾಮಾನ್ಯವಾಗಿ ಸಣ್ಣ ಪುಡಿಯಾಗಿ ದೊರೆಯುತ್ತವೆ. ಯಂತ್ರಗಳಲ್ಲಿ ಬಳಸಲು ಅವುಗಳನ್ನು ಗುಳಿಗೆ ಅಥವಾ ಹಾಳೆಗಳ ರೂಪಕ್ಕೆ ತರಬೇಕು. ಅದಕ್ಕಾಗಿ ಒತ್ತಡ ಹಾಕಿದರೆ ಅಥವಾ ಅಂಟು ಬೆರೆಸಿದರೆ ಪೊಳ್ಳುಗಳು ಕುಸಿಯುವ ಇಲ್ಲವೇ ಮುಚ್ಚಿಹೋಗುವ ಸಂಭವವಿದೆ. ಹೀಗಾಗಿ ಹೊಸ ಚೌಕಟ್ಟೊಂದರ ಯೋಗ್ಯತೆಯನ್ನು ಅದರ ಮೇಲ್ಮೈ ವಿಸ್ತೀರ್ಣದಿಂದ ಮಾತ್ರವಲ್ಲದೆ, ಅದು ಎಷ್ಟು ಸಾವಿರ ಬಾರಿ ತುಂಬಿ ಖಾಲಿಯಾದರೂ ಮೊದಲಿನಂತೆಯೇ ಉಳಿಯುತ್ತದೆ ಎಂಬುದರಿಂದಲೂ ಅಳೆಯಲಾಗುತ್ತಿದೆ.